ಸಂಶಿಯಲ್ಲಿ ಸೆರಗೊಡ್ಡಿದ ಅಕ್ಕೋರು

ಧಾರವಾಡ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ ಹೆಣ್ಣುಮಕ್ಕಳ ಕಲಿಕೆಗಾಗಿ ಆಯುಷ್ಯದ ಬಹುಭಾಗವನ್ನು ಸವೆಸಿದ ಶ್ರೀಮತಿ ಕರುಣಾಬಾಯಿ ಹೊಸಮನಿಯವರು ೧೯೮೯ರ ಈ ಮೇ ತಿಂಗಳಲ್ಲಿ ಸೇವಾನಿವೃತ್ತರಾಗುತ್ತಿದ್ದಾರೆ. ಸರಕಾರಿ ಕಾಗದದಲ್ಲಿ ಹೆಸರು ಏನೇ ಇರಲಿ, ಸಂಶಿಯ ಓಣಿಗಳಲ್ಲಿ ಅವರು ಬರೀ ‘ಅಕ್ಕೋರು’.

ದೇವಿಕೊಪ್ಪದಲ್ಲಿ ಸೇವೆ ಆರಂಭಿಸಿದ ಅವರು ೧೯೮೧ರಲ್ಲಿ ಇಲ್ಲಿಗೆ ವರ್ಗವಾಗಿ ಬಂದರು. ಮೈಮೇಲೆ ಇಳಕಲ್ ಸೀರೆ, ಕೈಚೀಲದಲ್ಲಿ ಬೈಬಲ್ಲು. ರವಿವಾರ ಬಂತೆಂದರೆ ಮೊದಲ ಬಸ್ಸಿಗೆ ಹುಬ್ಬಳ್ಳಿಯ ಚರ್ಚು. ಕ್ರಿಸ್ಮಸ್ಸಿಗೆ ಅವರು ಹಂಚುತ್ತಿದ್ದ ಕರ್ಚಿಕಾಯಿ ತಿಂದು ನಮ್ಮ ಹೆಡ್‌ಮಾಸ್ತರರೂ ವರ್ಷಕ್ಕೊಮ್ಮೆ ನಗುತ್ತಿದ್ದರು. ಅಕ್ಕೋರ ಬರಿದಾದ ಹಣೆಯನ್ನು ಊರು ಅವರ ಧರ್ಮದ ಪದ್ಧತಿಯೆಂದುಕೊಂಡಿತ್ತು. ಯಜಮಾನರು ಎಲ್ಲೋ ದೂರದ ನೌಕರಿಯಲ್ಲಿರಬೇಕೆಂದೂ ತಾನೇ ತೀರ್ಮಾನಿಸಿತ್ತು.

ಮರುವರ್ಷ ಇದೇ ಊರಿನ ತಾಯವ್ವನವರ ಮನೆಯಲ್ಲಿ ಬಸುರಿಯಾಗಿದ್ದ ಹಿರಿಮಗಳು ಸಾವಂತ್ರೆವ್ವನ ಕುಬಸ, ಅಂದರೆ ಸೀಮಂತ. ಕಿರಿಮಗಳು ದುರಗವ್ವ ಏಳನೆಯ ಇಯತ್ತೆಯಲ್ಲಿ ಅಕ್ಕೋರ ಶಿಷ್ಯೆ. ಬಂದ ಮುತ್ತೈದೆಯರಿಗೆಲ್ಲ ಅಕ್ಕಿ-ಕೊಬ್ಬರಿಯ ಉಡಿ ತುಂಬುತ್ತ ತಾಯವ್ವನವರು ಅಕ್ಕೋರ ಮುಂದೆ ಬಂದಾಗ, ಅವರು ಸೆರಗು ಹಿಡಿಯಲಿಲ್ಲ. “ನಮ್ಮ ಧರ್ಮದಾಗ ಇಲ್ರಿ” ಎಂದುಬಿಟ್ಟರು.

ಮರುದಿನದಿಂದ ದುರಗವ್ವ ಶಾಲೆಗೆ ಬರಲಿಲ್ಲ. “ನಮ್ಮನಿ ಅಕ್ಕಿ ಒಲ್ಲದವರ ಕಡೆ ನಮ್ಮ ಹುಡುಗಿ ಯಾಕ ಕಲೀಬೇಕ್ರಿ?” ಎಂದು ತಾಯವ್ವನವರು ಹೇಳಿಕಳಿಸಿದರು. ಪರೀಕ್ಷೆಗೆ ಎರಡೇ ತಿಂಗಳಿತ್ತು. ಗೈರುಹಾಜರಿ ಹಾಕಿ ಸುಮ್ಮನಿರುವುದು ನಮ್ಮಂಥ ಮಾಸ್ತರರ ಜಾಯಮಾನ. ಅಕ್ಕೋರಿಗೆ ಮಾತ್ರ ಮೂರು ದಿನ ಪ್ರಾರ್ಥನೆಗೆ ಕೂತರೂ ಬಾಯಿಗೆ ಮಾತು ಬರಲಿಲ್ಲ. ನಾಲ್ಕನೆಯ ದಿನ ಶಾಲೆ ಬಿಟ್ಟೊಡನೆ ನೆಟ್ಟಗೆ ಆ ಮನೆಗೆ ಹೋದರು.

“ತಾಯವ್ವಾರ, ಧರ್ಮದ ಹೆಸರು ಹೇಳಿ ಸುಳ್ಳಾಡಿದ್ನಿರಿ. ಯೇಸುಸ್ವಾಮಿ ಉಡಿ ಬ್ಯಾಡ ಅಂದಿಲ್ಲ. ನಮ್ಮ ಮನಿಯವರು ತೀರಿ ಹನ್ನೆರಡು ವರ್ಷ ಆತು. ಗಂಡ ಇಲ್ಲದಾಕಿಗೆ ನೀವು ಉಡಿ ತುಂಬೂದಿಲ್ಲ, ಅದೂ ಬಸರಿ ಮುಂದ. ನಾಳೆ ಒಂದು ಹೋಗಿ ಒಂದಾದ್ರ ನಿಮ್ಮ ಜೀವಕ್ಕ ಹತ್ತೂದು ಬ್ಯಾಡಂತ ಅಂಜಿದೆ.”

ತಾಯವ್ವನವರು ಎದ್ದು ಒಳಗೆ ಹೋದರು. ಹುಡುಗಿಯ ಓದು ಅಲ್ಲಿಗೆ ಮುಗಿಯಿತೆಂದು ಅಕ್ಕೋರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೊರದ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ ಹಿಡಿದು ಸಾವಂತ್ರೆವ್ವ ಹೊರಬಂದಳು, ಹಿಂದೆ ತಾಯಿ. ಕುಂಕುಮದ ಭರಣಿಯನ್ನು ಯಾರೂ ಹೇಳದೆಯೇ ಒಳಗಿಟ್ಟು ಬಂದಿದ್ದರು.

“ಸೆರಗು ಹಿಡೀರಿ ಅಕ್ಕೋರ, ನನ್ನ ಮಗಳ ಕೈಲೇನ ತುಂಬಸ್ತೇನಿ. ನಿಮ್ಮ ದೇವರಿಗೆ ನೀವು ಹೇಳ್ಕೋರಿ, ನಮ್ಮ ದೇವರಿಗೆ ನಾ ಹೇಳ್ತೇನಿ.”

ಅಕ್ಕೋರು ಎರಡೂ ಕೈಯಿಂದ ಸೆರಗೊಡ್ಡಿ ಬಿಕ್ಕಿಬಿಕ್ಕಿ ಅತ್ತರು. ದುರಗವ್ವ ಆಗಲೇ ಪಾಟೀಚೀಲ ಹುಡುಕತೊಡಗಿದ್ದಳು.

ಆಕೆ ಈಗ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದಾಳೆ. ಸಾವಂತ್ರೆವ್ವನ ಮಗನಿಗೆ ಆರು ತುಂಬಿದೆ. ಅಕ್ಕೋರು ಕೊನೆಯದಾಗಿ ಅಕ್ಷರ ತಿದ್ದಿಸಿದ ತರಗತಿಯಲ್ಲಿ ಅವನೂ ಇದ್ದ, ಗುಂಡುಕಲ್ಲಿನಂತಿದ್ದಾನೆ. ನಿವೃತ್ತಿಯ ನಂತರ ಸಂಶಿಯಲ್ಲೇ ನೆಲೆಸಿ ಹೆಂಗಸರಿಗೆ ಓದು ಕಲಿಸಬೇಕೆಂದಿರುವ ಅಕ್ಕೋರಿಗೆ ಆರೋಗ್ಯವೂ ದೀರ್ಘಾಯುಷ್ಯವೂ ದೊರೆಯಲಿ. ಹೆಂಗಸರ ಆ ತರಗತಿಗೆ ಈಗಾಗಲೇ ಹೆಬ್ಬೆಟ್ಟೊತ್ತಿ ಮೊದಲು ಹೆಸರು ಬರೆಸಿದವರು ತಾಯವ್ವನವರೇ.