ಸೇಡಂನಲ್ಲಿ ಬಿದ್ದ ಹಿಮ

ಸೇಡಂನ ಮೇ ತಿಂಗಳ ಬಿಸಿಲಿನಲ್ಲಿ ಬರೀ ಬನಿಯನ್ ತೊಟ್ಟು ಕುಳಿತು, ನೆಪೋಲಿಯನ್ನನ ಕಾಲದ ಹೆಬ್ಬೆರಳುದ್ದದ ಆಟದ ಸೈನಿಕರಿಗೆ ಗೋಡೆಗೆ ಬಳಿಯುವ ಪುಟ್ಟಿಯಿಂದ ಉಣ್ಣೆ ಕೋಟು ಮೆತ್ತಿ ಬಣ್ಣ ಹಚ್ಚುತ್ತಿದ್ದೆ. ರಷ್ಯಾದ ಚಳಿಯಲ್ಲಿ ಸೋತು ಊರಿಗೆ ಮರಳುವ ಸೈನ್ಯ ಅದು.

“ಇಂಥಾ ಬಿಸಲಾಗ ಅವರಿಗ್ಯಾಕ ಕೋಟ ತೊಡಸ್ಲಿಕತ್ತೀರಿ?” ಎಂದಳು ಹೆಂಡತಿ.

ಹಿಮವನ್ನು ನಾನು ಕಂಡವನೇ ಅಲ್ಲ. ಮನೆ ಕಟ್ಟಿಸುವಾಗ ಉಳಿದಿದ್ದ ಬಿಳಿ ಸಿಮೆಂಟಿನ ಒಣ ಪುಡಿಯನ್ನೇ ಹಲಗೆಯ ಮೇಲೆ ಹರವಿ, ಸೈನಿಕರನ್ನು ಮೊಣಕಾಲು ಮುಳುಗುವಂತೆ ನಿಲ್ಲಿಸಿ ಬಜಾರಿಗೆ ಹೋದೆ. ಬರುವಷ್ಟರಲ್ಲಿ ಹೆಂಡತಿ ಎರಡು ಸಲ ನೀರು ಚಿಮುಕಿಸಿದ್ದಳು.

“ಸಿಮೆಂಟಿಗಿ ನೀರ ಹೊಡೀಲಿಲ್ಲಂದ್ರ ಬಿರಕ ಬಿಡ್ತದರಿ,” ಎಂದಳು.

ರಷ್ಯಾದಿಂದ ಒಂದಿಷ್ಟು ಮಂದಿಯಾದರೂ ಊರು ಮುಟ್ಟಿದ್ದರಂತೆ. ಸೇಡಂನಿಂದ ಒಬ್ಬನೂ ಕದಲಲಿಲ್ಲ.