ತುರುಬಿನಲ್ಲಿ ಉಳಿದ ಪಿನ್ನು

ನನ್ನ ಅಂಗಿಯ ಜೇಬಿನಲ್ಲಿ ಒಂದು ಹೇರ್‌ಪಿನ್ನು ಇದೆ, ಮಿತ್ರರೇ. ಕಪ್ಪು ಬಣ್ಣ ಅರ್ಧ ಉದುರಿದ, ಒಂದು ಕಾಲು ಬಾಗಿದ, ಯಾವ ಫ್ಯಾನ್ಸಿ ಅಂಗಡಿಯಲ್ಲೂ ಸಿಗುವಂಥದ್ದು. ಮುಟ್ಟಿದಾಗಲೆಲ್ಲ ಮೈ ಉರಿಯುತ್ತದೆ.

ಕಳೆದ ತಿಂಗಳು ಅರಳಸುರಳಿಯಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಚಿಕ್ಕಮ್ಮ ಜಾರಿ ಬಿದ್ದರು. ಪೆಟ್ಟು ತಲೆಯ ಹಿಂಭಾಗಕ್ಕೆ. ಮಾತು ಕೊಂಚ ತಡವರಿಸಿತು. ಒಳಗೆ ರಕ್ತ ಸೋರಿದೆಯೋ ನೋಡಲೇಬೇಕೆಂದು ವೈದ್ಯರು ಸಿ.ಟಿ. ಸ್ಕ್ಯಾನಿಗೆ ಬರೆದರು. ತೀರ್ಥಹಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದರೆ, ಪೆಟ್ಟು ಬಿದ್ದ ಜಾಗದಲ್ಲೇ ಒಂದು ಬಿಳಿ ಚುಕ್ಕೆ, ಅದರಿಂದ ಸಿಡಿದ ಗೆರೆಗಳು. ನೋಡಬೇಕಾದದ್ದೆಲ್ಲ ಅವುಗಳ ಹಿಂದೆ ಅಡಗಿತ್ತು. ಕೂದಲಲ್ಲಿ ಲೋಹದ್ದೇನೋ ಉಳಿದಿದೆ ಎಂದಳು ಸ್ಕ್ಯಾನ್ ಮಾಡಿದಾಕೆ.

"ಪಿನ್ನೆಲ್ಲ ನಾನೇ ತೆಗ್ದಿದೀನಿ. ನಿಮ್ಮ ಮಷಿನ್ನೇ ಕೆಟ್ಟಿದೆ!" ಎಂದು ಟೆಕ್ನಿಷಿಯನ್ ಹೆಣ್ಣುಮಗಳ ಮೇಲೆ ಕೂಗಿದೆ.

ಚಿಕ್ಕಮ್ಮ ಮಲಗಿದ್ದಲ್ಲಿಂದಲೇ ಹೇಳಿದರು: "ಅವಳಿಗೆ ಎಂತಕ್ಕೆ ಬಯ್ತೀಯ ಮಾರಾಯ? ಚೌರಿಯೊಳಗೆ ಒಂದು ಉಳ್ದಿದೆ ಅಂತ ನಾನು ಆಗ್ಲೇ ಅಂದೆ. ಒಂದ್ರಿಂದ ಎಂತ ಆಗ್ತದೆ ಅಂದವ ನೀನೇ."

"ತಲೆಗೆ ಏಟು ಬಿದ್ದಿದೆ ನೋಡಿ, ಏನೇನೋ ಹೇಳ್ತಾರೆ" ಎಂದೆ ನಾನು.

ಚಿಕ್ಕಮ್ಮ ತುರುಬಿಗೆ ಕೈಹಾಕಿ, ಅದಕ್ಕೆ ಸೇರಿಸಿ ಕಟ್ಟಿದ್ದ ಕೃತಕ ಕೂದಲಿನ ಚೌರಿಯೊಳಗಿಂದ ಈ ಪಿನ್ನನ್ನು ಎಳೆದು ನನ್ನ ಅಂಗೈಗಿಟ್ಟರು.

ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು ನಾನು. ಎಕ್ಸ್-ರೇ ಹೊಕ್ಕ ಪ್ರತಿ ಪದರವೂ ಉಳಿದದ್ದರಲ್ಲೊಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಮೊದಲನೆಯದು ಅರ್ಧ ನುಂಗಿದರೆ ಅಷ್ಟೇ ದಪ್ಪದ ಎರಡನೆಯದು ಉಳಿದರ್ಧದಲ್ಲಿ ಅರ್ಧ. ಮಿದುಳು ಕಡಿಮೆ ಕೀಳುತ್ತದೆ, ಮೂಳೆ ಹೆಚ್ಚು, ಲೋಹಕ್ಕಂತೂ ಮಿತಿಯೇ ಇಲ್ಲ. ಯಂತ್ರವು ತಲೆಯ ಸುತ್ತ ತಿರುಗಿ, ಯಾವ ದಿಕ್ಕಿನಿಂದ ಎಷ್ಟು ಕಿರಣ ಬದುಕಿ ಬಂತೆಂದು ಅಳೆದು, ಒಳಗಿನದನ್ನು ಊಹಿಸುತ್ತದೆ. ಕಿರಣ ತೀರ ಸೊರಗಿ ಬಂದಲ್ಲಿ ಅದು "ಗೊತ್ತಿಲ್ಲ" ಎಂದು ಖಾಲಿ ಬಿಡಬಾರದೇ? ಬಿಡುವುದಿಲ್ಲ. ಇಲ್ಲದ ಗೆರೆಗಳನ್ನು ಇದ್ದವಕ್ಕಿಂತ ಬೆಳ್ಳಗೆ ಎಳೆಯುತ್ತದೆ. ಇಷ್ಟೆಲ್ಲ ಬಲ್ಲವನು "ಒಂದ್ರಿಂದ ಎಂತ ಆಗ್ತದೆ" ಎಂದಿರಲು ಸಾಧ್ಯವೇ?

ನನಗೆ ನೆನಪಿಲ್ಲ. ಅಷ್ಟೇ ಆಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೆನಪಿದೆ, ಬೇರೆಯದೇ ನೆನಪಿದೆ: ಒಂದೊಂದೇ ಪಿನ್ನು ತೆಗೆದು ಕರ್ಚೀಫಿನಲ್ಲಿ ಕಟ್ಟಿದ್ದು, ಕೊನೆಗೊಮ್ಮೆ ತುರುಬಿನಲ್ಲಿ ಕೈಯಾಡಿಸಿ ನೋಡಿದ್ದು. ಆ ಸುಳ್ಳು ಚಿತ್ರವನ್ನು ಉಳಿಸಿಕೊಳ್ಳಲು, ರಕ್ತ ಸೋರುತ್ತಿದೆಯೋ ಏನೋ ಎಂಬ ಹೊತ್ತಿನಲ್ಲಿ, ಪರರ ಮುಂದೆ ಚಿಕ್ಕಮ್ಮನ ತಲೆಯೇ ಸರಿಯಿಲ್ಲ ಎಂದುಬಿಟ್ಟೆನಲ್ಲ!

ಎರಡನೇ ಸ್ಕ್ಯಾನ್ ತಿಳಿಯಾಗಿತ್ತು. ರಕ್ತ ಇರಲಿಲ್ಲ. ಚಿಕ್ಕಮ್ಮ ಎದ್ದು ಕೂತು, ಸೆರಗು ಸರಿಮಾಡಿಕೊಂಡು, "ಇನ್ನು ನೀನು ಮಲಗು. ನಿನ್ನ ತಲೇದೂ ಒಂದು ತೆಗೀಲಿ" ಎಂದರು. ಟೆಕ್ನಿಷಿಯನ್ ನಗು ತಡೆದುಕೊಂಡಳು. ನಾನು ಆಕೆಯಲ್ಲಿ ಕ್ಷಮೆ ಕೇಳಿದೆ ಎಂದು ನನ್ನ ನೆನಪು. ಅದನ್ನೂ ಈಗ ನಂಬುವುದಿಲ್ಲ.

ಇವತ್ತಿಗೂ ಆ ದಿನವನ್ನು ನೆನೆದರೆ, ತುರುಬಿನಲ್ಲಿ ಜೋಪಾನವಾಗಿ ಕೈಯಾಡಿಸುತ್ತಿರುವ ನಾನು ನಿಚ್ಚಳವಾಗಿ ಕಾಣುತ್ತೇನೆ. ಆಗ ಜೇಬಿಗೆ ಕೈಹಾಕುತ್ತೇನೆ. ಪಿನ್ನು ಬೆರಳಿಗೆ ಚುಚ್ಚುತ್ತದೆ.