ಮಂಜ್ಯಾನನ್ನು ಕುಂಟೆತ್ತು ಮಾಡಿದ ವರ್ಷ

ಆಗ ನಮ್ಮೂರು ಮುಗದದಲ್ಲಿ ಶಾಲೆ ಶುರುವಾಗುವ ತಿಂಗಳೆಂದರೆ ಮಣ್ಣಿನ ತಿಂಗಳು. ತೊಂಬತ್ತರ ದಶಕದ ಕೊನೆಯ ಮಾತಿದು. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬರುವ ಹೊತ್ತಿಗೆ ಒಂದೆರಡು ಮಳೆ ಬಿದ್ದು ಕೆರೆಯಂಚಿನ ಮಣ್ಣು ಹದವಾಗಿರುತ್ತಿತ್ತು. ಎತ್ತು ಮಾಡಿದ ನಮ್ಮ ಉಗುರಿನ ಸಂದಿಯ ಮಣ್ಣು ಮಾಸ್ತರರ ಕಣ್ಣಿಗೆ ಬಿದ್ದು ದಿನಕ್ಕೊಂದು ಏಟು ಗ್ಯಾರಂಟಿ ಇರುತ್ತಿತ್ತು.

ಅಮಾವಾಸ್ಯೆಯ ದಿನ ಮಣ್ಣೆತ್ತಿಗೆ ಪೂಜೆ, ನಮಗೆ ಕರಿಗಡಬು. ಆದರೆ ಹುಡುಗರ ನಿಜವಾದ ಹಬ್ಬ ಮರುದಿನ. ಒಂದು ಎತ್ತಿನ ಕಾಲು ಮುರಿದು ಹಲಗೆಯ ಮೇಲಿಟ್ಟುಕೊಂಡು, ನಮ್ಮ ಎಂಟು ಎತ್ತುಗಳಲ್ಲಿ ಒಂದು ಕುಂಟಾಗಿದೆ, ಜೋಳ ನೀಡಿ ಎಂದು ಕೂಗುತ್ತ ಮನೆಮನೆಗೆ ಹೋಗುತ್ತಿದ್ದೆವು. ಅದೇ ಕುಂಟೆತ್ತು. ಹೆಂಗಸರು ಒಂದೊಂದು ಹಿಡಿ ಜೋಳ ನೀಡುತ್ತಿದ್ದರು. ಅದನ್ನು ಅಂಗಡಿಗೆ ಹಾಕಿ ಚುರಮುರಿ, ಶೇಂಗಾ, ಬೆಲ್ಲ ತಂದು ಕೆರೆ ದಂಡೆಯಲ್ಲಿ ತಿಂದು, ಎತ್ತನ್ನು ನೀರಿಗೆ ಬಿಟ್ಟು ಬರುವುದು ಪದ್ಧತಿ.

ನನ್ನ ತಮ್ಮ ಮಂಜುನಾಥನಿಗೆ, ನಮ್ಮೆಲ್ಲರ ಮಂಜ್ಯಾನಿಗೆ, ಆಗ ಏಳು ವರ್ಷ, ನನಗೆ ಹತ್ತು. ಹುಟ್ಟಿದಾಗ ಅಳುವುದಕ್ಕೆ ತಡ ಮಾಡಿದನಂತೆ. ಅವನ ಕಾಲುಗಳು ಒಂದರ ಮೇಲೊಂದು ಬಿಗಿದುಕೊಂಡಿದ್ದವು, ಮಾತು ತಡೆದು ತಡೆದು ಬರುತ್ತಿತ್ತು. ತಲೆ ಮಾತ್ರ ನನಗಿಂತ ಚುರುಕು. ನಾನು ಮಗ್ಗಿ ಹೇಳುವಾಗ ತಪ್ಪಿದರೆ ಗೋಡೆಗೆ ಒರಗಿ ಕೂತಲ್ಲಿಂದಲೇ ತಿದ್ದುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬುಧವಾರಕ್ಕೊಮ್ಮೆ ಧಾರವಾಡದಿಂದ ವಿಜಯಕ್ಕಾರು ಬರುತ್ತಿದ್ದರು. ಇಂಥ ಮಕ್ಕಳಿರುವ ಮನೆಗಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯವರು. ಎಣ್ಣೆ ಹಚ್ಚಿ ಕಾಲು ಸಡಿಲ ಮಾಡುವುದನ್ನು ಅವ್ವನಿಗೆ ಕಲಿಸಿದ್ದರು, ಬಡಿಗೇರರ ಹತ್ತಿರ ಮಂಜ್ಯಾನಿಗೊಂದು ಕುರ್ಚಿ ಮಾಡಿಸಿದ್ದರು. ಬರೀ ಕಾಲು ತಿಕ್ಕಿದರೆ ಸಾಲದು, ಶಾಲೆಗೆ ಹಾಕಬೇಕು ಎಂದವರೂ ಅವರೇ. ಅವ್ವ ಹೋಗಿ ಕೇಳಿದರೆ ಹೆಡ್‌ಮಾಸ್ತರರು, "ಬಿದ್ದಾ ಅಂದ್ರ ಯಾರ ಹೊಣಿ ತಂಗೀ? ಮುಂದಿನ ವರ್ಷ ನೋಡೂಣು," ಅಂದರು. ಹಾಗೆ ಅನ್ನುತ್ತಲೇ ಎರಡು ವರ್ಷ ಕಳೆದಿತ್ತು. ಈ ಸಲವೂ ತಪ್ಪಿದರೆ ವಯಸ್ಸು ದಾಟಿತು ಎಂದುಬಿಡುತ್ತಾರೆ ಎಂಬ ದಿಗಿಲು ಅವ್ವನಿಗೆ.

"ನೀವ್ ಒಬ್ಬರ ಹೋದ್ರ ಹಿಂಗ ಹೊಳ್ಳಿ ಕಳಸ್ತಾರ್ರಿ ಗಂಗವ್ವ," ಅಂದರು ಅಕ್ಕಾರು. "ಊರಾಗ ಇಂಥಾ ಮಕ್ಕಳು ಇನ್ನೂ ಅದಾವ. ತಾಯಂದಿರೆಲ್ಲಾ ಕೂಡಿ ಹೋಗ್ರಿ."

"ಎಲ್ಲಿ ಬರ್ತಾರ್ರಿ ಅಕ್ಕಾರ. ಮನ್ಯಾಗ ಅಂಥಾ ಕೂಸೈತಿ ಅಂತ ಹೇಳಾಕ ನಾಚತಾರ."

ಸುಳ್ಳಲ್ಲ. ಹಿಂದಿನ ಓಣಿಯ ನೀಲವ್ವನ ಮಗಳು ಕಸ್ತೂರಿ ನನ್ನ ವಾರಿಗೆಯವಳು. ಅವಳಿಗೆ ಬುದ್ಧಿ ಬೆಳೆದಿಲ್ಲ ಎಂದು ಕೇಳಿದ್ದೆನೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಬುಧವಾರ ನಮ್ಮ ಕಟ್ಟೆಯ ಮೇಲೆ ಉದ್ದ ಚಾಪೆ ಹಾಸಿ ಅಕ್ಕಾರು ಕಾಯುತ್ತಿದ್ದರು. ಅದರ ಮೇಲೆ ಅವ್ವ ಒಬ್ಬಳೇ ಕೂತಿರುತ್ತಿದ್ದಳು.

ಆ ವರ್ಷ ಅಮಾವಾಸ್ಯೆಯ ಮರುದಿನ ಅವ್ವ ಹೊಲಕ್ಕೆ ಹೋಗಿದ್ದಳು. ಮಂಜ್ಯಾನನ್ನು ನೋಡಿಕೊಳ್ಳುವ ಪಾಳಿ ನನ್ನದು. ಓಣಿಯ ಹುಡುಗರು ಹಲಗೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಮಂಜ್ಯಾನನ್ನು ಬಿಟ್ಟು ಹೋಗುವಂತಿಲ್ಲ, ಹೋಗದೆ ಇರುವುದಕ್ಕೂ ಆಗದು. ಆಗ ಬಂತು ಆ ಮಾತು. ಅದನ್ನು ಬೇರೆ ಯಾರೋ ಆಡಿದರು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಆಡಿದ್ದು ನಾನೇ.

"ಮಣ್ಣಿಂದ್ಯಾಕ? ನಮ್ಮಂಜ್ಯಾ ಅದಾನಲ್ಲ, ಖರೇ ಕುಂಟೆತ್ತು!"

ಮಂಜ್ಯಾ ಕುರ್ಚಿಯಿಂದ ಬೀಳುವಷ್ಟು ಹಿಗ್ಗಿದ. "ನಾ... ನಾ ಬರ್ತೇನಿ ಅಕ್ಕಾ!"

ಹಣೆಗೆ ಕುಂಕುಮ ಬಳಿದು, ತಲೆಗೆ ಟವೆಲ್ ಸುತ್ತಿ, ಅದರಲ್ಲಿ ಎರಡು ಜೋಳದ ದಂಟು ಸಿಕ್ಕಿಸಿ ಕೋಡು ಮಾಡಿದೆವು. ಎತ್ತಿನ ಗೆಜ್ಜೆಸರವನ್ನು ಅವನ ಕೊರಳಿಗೆ ಹಾಕಿದೆವು. ನಾನು ಬೆನ್ನ ಮೇಲೆ ಹೊತ್ತೆ. ಅವನು ಪ್ರತಿ ಬಾಗಿಲಲ್ಲೂ ಯಾರೂ ಹೇಳದೆಯೇ ಅಂಬಾ ಎನ್ನುತ್ತಿದ್ದ. ಮಣ್ಣಿನ ಎತ್ತಿಗೆ ಹಿಡಿ ಜೋಳ ನೀಡುತ್ತಿದ್ದ ಹೆಂಗಸರು ಅವನಿಗೆ ಮೊರದ ತುಂಬ ತಂದು ಸುರಿದರು. ಒಬ್ಬಾಕೆ ಹಿಂದಿನ ದಿನದ ಕಡಬು ಕೈಗಿಟ್ಟಳು, ಇನ್ನೊಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೀಲ ತುಂಬಿದಂತೆಲ್ಲ ನನಗೆ ನನ್ನ ಜಾಣತನದ ಮೇಲೆ ಅಭಿಮಾನ ಹೆಚ್ಚಾಗುತ್ತಿತ್ತು.

ನೀಲವ್ವ ಬೊಗಸೆಯಲ್ಲಿ ಜೋಳ ಹಿಡಿದು ಹೊರಗೆ ಬಂದವಳು ಮಂಜ್ಯಾನನ್ನು ನೋಡಿದಳು. ಕೈ ಸಡಿಲಾಗಿ ಜೋಳವೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು.

"ಯಾರಿಗೆ ಹೊಳೀತ ಇದು?"

"ನನಗರೀ," ಅಂದೆ ಹೆಮ್ಮೆಯಿಂದ.

ಅವಳು ನನ್ನನ್ನು ಹೊಡೆಯಲಿಲ್ಲ. ಮಂಜ್ಯಾನನ್ನು ನನ್ನ ಬೆನ್ನಿನಿಂದ ಇಳಿಸಿ ತನ್ನ ಸೊಂಟಕ್ಕೇರಿಸಿಕೊಂಡು ನೆಟ್ಟಗೆ ನಮ್ಮ ಮನೆಗೆ ನಡೆದಳು. ನಮ್ಮ ದಂಡು ಅಲ್ಲೇ ಕರಗಿತು. ಚೀಲ ಹೊತ್ತು ಹಿಂದೆ ಹೋದವಳು ನಾನೊಬ್ಬಳೇ.

ಅವ್ವ ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. "ಗಂಗವ್ವಾ, ಮಗನ್ನ ಓಣಿ ಓಣಿ ಬೇಡಾಕ ಕಳಿಸಿಯೇನ?" ಅಂದಳು ನೀಲವ್ವ. "ಮಗಳನ್ನ ಒಳಗ ಇಟ್ಟಾಳ ಅಂತ ನನಗ ಊರೆಲ್ಲಾ ಅಂತೈತಿ. ಇದಕ್ಕ ಇಟ್ಟೇನಿ ನೋಡು. ಮಂದಿ ಕೈಯಾಗ ಆಟಿಕಿ ಆಗಬಾರದಂತ ಇಟ್ಟೇನಿ!"

ಅವ್ವನಿಗೆ ಎಲ್ಲ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟವೆಲ್ಲಿನಿಂದ ಒಂದು ಕೋಡು ಕಿತ್ತು ಅದರಿಂದಲೇ ನನಗೆ ಬಾರಿಸತೊಡಗಿದಳು. ಮಂಜ್ಯಾ ಚೀರಿದ.

"ಅಕ್ಕಾಗ ಹೊ... ಹೊಡೀಬ್ಯಾಡ! ನಾನ ಹೋಗೇನಿ! ನಮ್ಮೂರು ಎಷ್ಟ ದೊಡ್ಡದೈತಿ ಯವ್ವಾ!"

ಅವ್ವನ ಕೈ ನಿಂತಿತು. ಏಳು ವರ್ಷದಲ್ಲಿ ಅವನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ನೋಡಿದ್ದ, ಹಿಂದಿನ ಓಣಿ ನೋಡಿರಲಿಲ್ಲ. ನೀಲವ್ವ ಬಾಗಿಲು ಹಾಕಿ ಮಾಡಿದ್ದನ್ನು ಅವ್ವ ಬಾಗಿಲು ತೆರೆದಿಟ್ಟೇ ಮಾಡಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕುಸಿದು ಅತ್ತರು. ಮನೆಯಲ್ಲಿ ಹೆಣವಿಲ್ಲದೆ ದೊಡ್ಡವರು ಹಾಗೆ ಅಳುವುದನ್ನು ನಾನು ಮೊದಲ ಸಲ ನೋಡಿದ್ದು.

ಆಮೇಲೆ ಅವ್ವ ಎದ್ದು ಮಂಜ್ಯಾನ ಮುಖ ತೊಳೆದಳು, ಟವೆಲ್ ಬಿಚ್ಚಿದಳು. ಗೆಜ್ಜೆಸರ ತೆಗೆಯಲು ಅವನು ಬಿಡಲಿಲ್ಲ. ಅವನನ್ನೆತ್ತಿಕೊಂಡು, ಚೀಲ ನನ್ನ ತಲೆಯ ಮೇಲೆ ಹೊರಿಸಿ, ಬಂದ ದಾರಿಯಲ್ಲೇ ಪ್ರತಿ ಮನೆಗೂ ಕರೆದುಕೊಂಡು ಹೋದಳು.

"ಹುಡುಗಿ ತಪ್ಪ ಮಾಡ್ಯಾಳ್ರಿ, ನಿಮ್ಮ ಜ್ವಾಳ ತಗೋರಿ. ಇವನ ಹೆಸರು ಮಂಜುನಾಥ. ಸೋಮವಾರ ಸಾಲಿಗೆ ಹಚ್ಚಾಕ ಹೊಂಟೇನಿ. ನನ್ನ ಕೂಡ ಬರ್ತೀರೇನ್ರಿ?"

ಪ್ರತಿ ಬಾಗಿಲಲ್ಲೂ "ತಪ್ಪಾತ್ರಿ" ಎನ್ನುವುದು ನನ್ನ ಪಾಲಿನ ಶಿಕ್ಷೆ. ಕೆಲವರು ನಾಚಿ ಜೋಳ ತೆಗೆದುಕೊಂಡರು, ಕೆಲವರು ಕೊಟ್ಟದ್ದನ್ನು ತಿರುಗಿ ಮುಟ್ಟುವುದಿಲ್ಲ ಎಂದರು. ನೀಲವ್ವ ನಮ್ಮ ಹಿಂದೆಯೇ ನಡೆದು ಬರುತ್ತಿದ್ದಳು. ತನ್ನ ಮನೆ ಬಂದಾಗ "ತಡೀ" ಎಂದು ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಕಸ್ತೂರಿಯ ಕೈ ಹಿಡಿದು ಹೊರಗೆ ಬಂದಳು. ನಾನು ಏನೇನೋ ಕಲ್ಪಿಸಿಕೊಂಡು ಹೆದರಿದ್ದೆ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಂದು ಹುಡುಗಿ, ಅಷ್ಟೇ. ಮಂಜ್ಯಾ ಅವಳನ್ನು ನೋಡಿ ಅಂಬಾ ಎಂದ. ಅವಳು ನಕ್ಕಳು.

ಸೋಮವಾರ, ಹೇಳಿ ಕಳಿಸಿ ಕರೆಸಿದ ವಿಜಯಕ್ಕಾರ ಜೊತೆ ಇಬ್ಬರು ತಾಯಂದಿರು, ಅವರ ಹಿಂದೆ ಜೋಳ ನೀಡಿದ್ದ ಏಳೆಂಟು ಹೆಂಗಸರು ಶಾಲೆಗೆ ಹೋದರು. ಹೆಡ್‌ಮಾಸ್ತರರು ಮತ್ತೆ ಅದೇ ರಾಗ ತೆಗೆದರು. "ಬಿದ್ರ?"

"ಬಿದ್ರ ಎತ್ರಿ ಸರ್," ಅಂದಳು ನೀಲವ್ವ. "ಉಳಿದ ಹುಡುಗ್ರು ಬಿದ್ರ ಎತ್ತಾಂಗಿಲ್ಲೇನ?"

ಅವತ್ತು ಹಾಜರಿ ಪುಸ್ತಕದಲ್ಲಿ ಎರಡು ಹೆಸರು ಹಚ್ಚಿದರು.

ಈಗ ಆ ಶಾಲೆಗೆ ಇಳಿಜಾರು ದಾರಿ ಇದೆ. ಅವ್ವ ಇಲ್ಲ, ನೀಲವ್ವ ಇಲ್ಲ. ಚಾಪೆ ಹಾಸಿ ಕಾಯುವ ಅಕ್ಕಾರೂ ಬರುವುದಿಲ್ಲ. ಕುಂಟೆತ್ತು ಹೊತ್ತು ತಿರುಗುವ ಹುಡುಗರೂ ಕಡಿಮೆಯಾದರು, ಅದು ಹೋದದ್ದೇ ಒಳ್ಳೆಯದು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮಂಜುನಾಥ ಧಾರವಾಡದ ಒಂದು ಕಚೇರಿಯಲ್ಲಿ ನೌಕರ, ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತಾನೆ. ಹೋದ ವರ್ಷ ಧೈರ್ಯ ಮಾಡಿ, ಅವತ್ತು ನನ್ನಿಂದ ದೊಡ್ಡ ತಪ್ಪಾಯಿತು ಎಂದೆ.

"ತಪ್ಪು ಖರೇ," ಅಂದ, ಎಂದಿನಂತೆ ತಡೆದು ತಡೆದು. "ಆದ್ರ ಅಕ್ಕಾ, ಆಮ್ಯಾಲ ಎಲ್ಲಾರೂ ನನಗ ಮರ್ಯಾದಿ ಕೊಟ್ರು. ಸಾಲ್ಯಾಗ ಬೆಂಚ್ ಕೊಟ್ರು, ಬಸ್ಸಿನ್ಯಾಗ ಸೀಟ್ ಕೊಟ್ರು. ಆಟಕ್ಕ ಮಾತ್ರ ಯಾರೂ ಕರೀಲಿಲ್ಲ. ನೀನೂ ಕರೀಲಿಲ್ಲ."

ನಿಜ. ಆ ದಿನದ ಮೇಲೆ ನಾನು ಅವನನ್ನು ಶಾಲೆಗೆ ಹೊತ್ತೆ, ಆಸ್ಪತ್ರೆಗೆ ಹೊತ್ತೆ. ಆಟಕ್ಕೆ ಒಮ್ಮೆಯೂ ಹೊರಲಿಲ್ಲ.